ಕತ್ತು ತಿರುಗುವಷ್ಟರಲ್ಲಿ

ಪರದೆಯ ಮೇಲೆ ನಾಲ್ಕು ಚೌಕ.
ಕೆಂಪು, ಹಳದಿ, ಬೈತಖೋಲದ ಬೋಟಿನ ಹಸಿರು,
ಇನ್ನೊಂದು...
ಅಷ್ಟರಲ್ಲಿ ಬೂದಿ ಬಣ್ಣ ಬಂದು ಎಲ್ಲ ಒರೆಸಿತು,
ಒಂದು ಸೀನು ಸೀನುವಷ್ಟು ಹೊತ್ತು.
ಮತ್ತೆ ನಾಲ್ಕು ಚೌಕ.
"ಯಾವುದಾದರೂ ಬದಲಾಯ್ತಾ, ಪುರುಷೋತ್ತಮ?"
ಮೇಡಂ ಕುಮಟೆಯವರು, ಬೈಯುವುದಿಲ್ಲ.
ಬದಲಾಗಿದೆ ಅಂದೆ.
ಈ ಊರಲ್ಲಿ ಕಣ್ಣು ಮುಚ್ಚಿ ತೆಗೆದರೆ
ಯಾವುದು ಬದಲಾಗದೆ ಉಳಿದಿದೆ?
ಅವರು ನಗಲಿಲ್ಲ. ಪರದೆಯನ್ನು ನೋಡಿ
ಆರಂಕಿಯ ಸಂಖ್ಯೆಯೊಂದನ್ನು ಹಾಳೆಗೆ ಇಳಿಸಿದರು.
ಒಂದೇ ಸಲ ನೋಡಿದರು.
ನಾನದನ್ನು ಗಮನಿಸಿದೆ.

ಜನಕ್ಕೆ ಗೊತ್ತಿರುವುದು ದನಿಗಳ ಕತೆ.
ಅಳಿವೆಯಲ್ಲಿ ಸೊಂಟದವರೆಗೆ ನಿಂತು
ನಾನು ಕಾಳಿ ನದಿಗೆ ಉತ್ತರ ಕೊಡುತ್ತಿದ್ದುದನ್ನು
ಸೇತುವೆ ಮೇಲೆ ಬಸ್ಸು ನಿಲ್ಲಿಸಿ ನೋಡಿದವರಿದ್ದಾರೆ.
ತಿಂಗಳಿಗೊಂದು ಸೂಜಿ, ರಾತ್ರಿಗೊಂದು ಬಿಳಿ ಗುಳಿಗೆ;
ಆ ದನಿಗಳೀಗ ಬಾಡಿಗೆ ಬಾಕಿ ಉಳಿಸಿಕೊಂಡವರ ಹಾಗೆ
ಸದ್ದಿಲ್ಲದೆ ಒಳಗಿವೆ.
"ಗುಣವಾಯ್ತಲ್ಲ" ಅಂತಾರೆ.
ಗುಣವಾಯ್ತು.
ಆದರೆ ವೈನಿ ಮಾರ್ಕೆಟ್ಟಿನಲ್ಲಿ ಬುಟ್ಟಿ ತೋರಿಸಿ
"ಇಷ್ಟು ಬಂಗಡೆ, ಇಷ್ಟು ತಾರ್ಲೆ, ನೋಡಿಕೊಂಡಿರು" ಎಂದು
ಚಿಲ್ಲರೆಗಾಗಿ ಆಚೆ ತಿರುಗಿದರೆ
ನಾನೂ ಅವಳ ಕಡೆ ತಿರುಗುತ್ತೇನೆ, ಮತ್ತೆ ಇತ್ತ.
ಯಾರೋ ಈಗಷ್ಟೇ ತಂದಿಟ್ಟ ಬುಟ್ಟಿ ಅದು.

ಮರೆವು ಅಲ್ಲ ಇದು.
ಅಜ್ಜ ಸತ್ತ ದಿನ ಯಾರ್ಯಾರು ಯಾವ ಲುಂಗಿಯಲ್ಲಿ ಬಂದರು
ಇವತ್ತೂ ಹೇಳಬಲ್ಲೆ.
ಹಳೆಯದೆಲ್ಲ ಉಪ್ಪು ಹಾಕಿ ಒಣಗಿಸಿದ್ದು, ಕೆಡುವುದಿಲ್ಲ.
ಹಸಿಯದು ಮಾತ್ರ ಕೈಯಲ್ಲಿ ನಿಲ್ಲದು.
ಕಂಡದ್ದನ್ನು ಇಲ್ಲಿಂದ ಅಲ್ಲಿಗೆ ಒಯ್ಯುವ
ಆ ನಾಲ್ಕೇ ಹೆಜ್ಜೆ.

ನನ್ನ ಕೆಲಸ ಬೋಟುಗಳ ಮೈಮೇಲೆ
ಹೆಸರು, ನಂಬರು ಬರೆಯುವುದು.
ಮೀನುಗಾರಿಕೆ ಬಂದ್ ಇರುವ ಎರಡು ತಿಂಗಳಲ್ಲೇ
ವರ್ಷದ ಅರ್ಧ ಕೂಳು.
ಉಲ್ಲಾಸ ತಾಂಡೇಲರ ಬೋಟು.
ಚೀಟಿ ನೋಡು: ನಾಲ್ಕು, ಸೊನ್ನೆ, ಏಳು, ಒಂದು, ಆರು.
ಬ್ರಷ್ಷು ಅದ್ದು. ತಿರುಗು.
ನಾಲ್ಕು, ಸೊನ್ನೆ,
ಹಲಗೆ ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು.
ಮತ್ತೆ ಚೀಟಿ. ಮತ್ತೆ ಹಲಗೆ.
ಪಕ್ಕದಲ್ಲಿ ಹುಡುಗರು ನಿಂತಿದ್ದರು,
ಮೂರನೇ ಸಲ ತಿರುಗಲು ನಾಚಿಕೆಯಾಯಿತು.
ಒಂದು, ಏಳು ಅಂತ ಬರೆದೆ.

ಆಗಸ್ಟಿನಲ್ಲಿ ದೇವಗಡ ದ್ವೀಪದಾಚೆ
ಕೋಸ್ಟ್ ಗಾರ್ಡಿನವರು ತಡೆದರಂತೆ.
ಕಾಗದದಲ್ಲೊಂದು, ಬೋಟಿನ ಮೈಮೇಲೊಂದು.
ಐಸು ಕರಗುವ ತನಕ ಏಳು ಜನ ಡೆಕ್ಕಿನ ಮೇಲೆ ಕೂತಿದ್ದರು.
ತಾಂಡೇಲರು ಬಂದು ಬೈಯಲಿಲ್ಲ, ಅದೇ ಕಷ್ಟ.
ನಾರುವ ಪಾಪ್ಲೆಟ್ಟೊಂದನ್ನು ನನ್ನ ಮುಂದಿಟ್ಟು
"ಓದೋಕೆ ಬರಲ್ವಾ ನಿಂಗೆ?" ಎಂದರು.
ಬರುತ್ತದೆ. ಪಿಯುಸಿ. ಎಪ್ಪತ್ತೊಂದು ಪರ್ಸೆಂಟು.
ಏನಂತ ಹೇಳಲಿ,
ಚೀಟಿಗೂ ಹಲಗೆಗೂ ನಡುವೆ ಒಂದು ಕಡಲಿದೆ,
ಏಳು ಅದರಲ್ಲಿ ಬಿತ್ತು ಅಂತಲೇ?

ತಿದ್ದುವ ಕೆಲಸವನ್ನೂ ನನಗೇ ಕೊಟ್ಟರು. ಯಾಕೆಂದು ಕೇಳಿಲ್ಲ.
ಈ ಸಲ ನಾನು ತಿರುಗಲೇ ಇಲ್ಲ.
ಬರೆಯುವ ಜಾಗದ ನೆತ್ತಿಗೇ, ಹಸಿ ಬಣ್ಣದ ಮೇಲೆ
ಚೀಟಿಯನ್ನು ಅಂಟಿಸಿದೆ.
ಹಲಗೆಯ ಸಂದಿಗೆ ಹತ್ತಿ ತುರುಕುತ್ತಾರಲ್ಲ, ಹಾಗೆ,
ನೋಡುವ ಕಣ್ಣಿಗೂ ಬರೆಯುವ ಕೈಗೂ ನಡುವೆ
ನೀರು ನುಗ್ಗದಷ್ಟು ಒತ್ತಿ.
ಒಂದು ಅಂಕೆ ನೋಡು, ಒಂದು ಅಂಕೆ ಬರೆ.
ಹುಡುಗರು ನಕ್ಕರು.
ನಗಲಿ, ಅವರಿಗೂ ಹೊತ್ತು ಹೋಗಬೇಕಲ್ಲ.
ಆಮೇಲೆ ಚೀಟಿ ಕಿತ್ತು ಬರಲಿಲ್ಲ,
ಅದರ ಮೇಲೇ ಇನ್ನೊಂದು ಕೋಟು ಹೊಡೆದೆ.

ಮೇಡಂ, ಮುಂದಿನ ತಿಂಗಳು
ಚೌಕಗಳನ್ನು ಮತ್ತೆ ತೋರಿಸಿ.
ಸೋಲುತ್ತೇನೆ, ಬರೆದುಕೊಳ್ಳಿ.
ಬಿಡುವಿದ್ದರೆ ಇಳಿಹೊತ್ತಿಗೆ ಧಕ್ಕೆಯ ಕಡೆ ಬನ್ನಿ,
ತಾಂಡೇಲರ ಬೋಟು ಬಂದಿರುತ್ತದೆ.
ನಂಬರಿನ ಮೇಲ್ಗಡೆ ಬೆರಳಾಡಿಸಿ ನೋಡಿ:
ಬಣ್ಣದ ಅಡಿಯಲ್ಲಿ ಒಂದು ಚೌಕ.
ಅದು ಬದಲಾಗಿಲ್ಲ.